ಬರಗಾಲದ ಮಕ್ಕಳು, ಪರದೇಶದ ಮಕ್ಕಳು

ನಮ್ಮ ಮುತ್ತಜ್ಜನ ಹುಟ್ಟೂರು ಯಾವುದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 'ಚಿಕ್ಕನಾಯಕನಹಳ್ಳಿ ಸೀಮೆ ಕಡೆ' ಎಂದಷ್ಟೇ ಅಜ್ಜ ಹೇಳುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಹಾದಿಬದಿಯಲ್ಲಿ ಸಿಕ್ಕಿ ಮಿಷನ್ನಿನವರ ಕೈ ಸೇರಿದ ಮಕ್ಕಳಲ್ಲಿ ಅವರೂ ಒಬ್ಬರು. ಆಗ ಐದೋ ಆರೋ ವರ್ಷ. ತಂದೆಯ ಹೆಸರೇನು ಎಂದು ಕೇಳಿದ್ದಕ್ಕೆ 'ಅಪ್ಪಯ್ಯ' ಎಂದರಂತೆ. ಊರ ಹೆಸರು ಕೇಳಿದ್ದಕ್ಕೆ ಅತ್ತರಂತೆ. ಅವರಿಗೆ ಹೊಸ ಹೆಸರಿಟ್ಟರು, ಓದು ಕಲಿಸಿದರು, ಬಡಗಿ ಕೆಲಸಕ್ಕೆ ಹಚ್ಚಿದರು. ನಮ್ಮ ವಂಶ ಅಲ್ಲಿಂದ ಶುರು. ಅದಕ್ಕೆ ಹಿಂದಿನದು ಏನೂ ಇಲ್ಲ.

ನಾನು ಹುಟ್ಟಿದ್ದು ಹಂದನಕೆರೆಯಲ್ಲಿ. ಅಪ್ಪ ಸರ್ಕಾರಿ ಶಾಲೆಯ ಮೇಷ್ಟ್ರಾಗಿ ಅಲ್ಲಿಗೆ ವರ್ಗವಾಗಿ ಬಂದವರು, ಮತ್ತೆ ಬೇರೆಡೆಗೆ ಹೋಗುವ ಮನಸ್ಸು ಮಾಡಲಿಲ್ಲ. ಒಂದಿಷ್ಟು ತೆಂಗಿನ ತೋಟ ಮಾಡಿಕೊಂಡರು. ನಮ್ಮ ಬಾಡಿಗೆ ಮನೆಯ ತೊಲೆಗಳ ಮೇಲೆ ಅಡಿಕೆ ದಬ್ಬೆಯ ಅಟ್ಟವಿತ್ತು, ಅದರ ತುಂಬ ಕಾಯಿ. ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಸುಮ್ಮನೆ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅವಸರಪಟ್ಟು ಒಡೆದರೆ ಕೌಟು. ತಿಪಟೂರಿನ ಮಾರುಕಟ್ಟೆಯಲ್ಲಿ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅಪ್ಪ ಆ ಅಟ್ಟದ ಕೆಳಗೆ ಕೂತು, ಜಾತ್ರೆಗೋ ಮದುವೆಗೋ ಬಂದ ಸುತ್ತಲ ಹಳ್ಳಿಗಳ ಹಿರಿಯರನ್ನು ಕೇಳುತ್ತಿದ್ದರು: ನಿಮ್ಮ ಮನೆತನದಲ್ಲಿ ಆ ಬರದಾಗೆ ಗಂಡುಮಗು ಕಳೆದದ್ದುಂಟಾ? ಕಳೆಯದ ಮನೆಯೇ ಇರಲಿಲ್ಲ. 'ಯಾವುದು ಅಂತ ಹೇಳಾನ ಮೇಷ್ಟ್ರೇ' ಎಂದು ಒಬ್ಬ ಅಜ್ಜಿ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಈ ಸೀಮೆಗೆ ಪ್ರೊಟೆಸ್ಟಂಟ್ ಬೋಧಕರು ಬಂದದ್ದು ಬರಕ್ಕಿಂತ ನಲವತ್ತು ವರ್ಷ ಮೊದಲು. ವೆಸ್ಲಿಯನ್ ಮಿಷನ್ನಿನ ತಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಹಾಕಿದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸಿಪಾಯಿಗಳ ನಡುವೆ ಇರುವುದಕ್ಕಿಂತ ಕನ್ನಡದ ಹಳ್ಳಿಗಳ ನಡುವೆ ಇರಬೇಕು ಎನ್ನುವುದು ಅದರ ಹಿಂದಿನ ಯೋಚನೆ. 1839ರಲ್ಲಿ ಅವರ ಜೊತೆಗೂಡಿದವರು ವಿಲಿಯಂ ಆರ್ಥರ್, ಐರ್ಲೆಂಡಿನ ಇಪ್ಪತ್ತರ ಹರೆಯದ ಹುಡುಗ. ಬಂದವರೇ ಕನ್ನಡ ಹಿಡಿದರು. ಕಣ್ಣು ಕೈಕೊಟ್ಟಿದ್ದರಿಂದ 1841ರಲ್ಲೇ ಹಿಂದಿರುಗಬೇಕಾಯಿತು. ಆದರೂ ಆ ಎರಡು ವರ್ಷಗಳ ಬಲದ ಮೇಲೆ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಹಾಡ್ಸನ್ ಇನ್ನೂ ಬಹಳ ಕಾಲ ಉಳಿದರು. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಡೇನಿಯಲ್ ಎಂಬ ಹಳ್ಳಿಗನ ಜೀವನವನ್ನು 1877ರಲ್ಲಿ, ಬರ ಸುಡುತ್ತಿದ್ದ ವರ್ಷದಲ್ಲೇ, ಪ್ರಕಟಿಸಿದರು.

ಆ ನಲವತ್ತು ವರ್ಷಗಳಲ್ಲಿ ಗುಬ್ಬಿ, ತುಮಕೂರು ಸುತ್ತ ಕ್ರೈಸ್ತರಾದವರು ಕೆಲವೇ ಮಂದಿ. ಶಾಲೆಗೆ ಮಕ್ಕಳು ಬಂದರು, ಔಷಧಕ್ಕೆ ದೊಡ್ಡವರು ಬಂದರು, ಬೋಧನೆಯನ್ನು ಕೇಳಿ ತಲೆದೂಗಿ ಮನೆಗೆ ಹೋದರು. ಹೊಸ ಮತ ಒಪ್ಪಿದವನಿಗೆ ಬಾವಿ, ಬಂಧು, ಮದುವೆ ಎಲ್ಲ ಒಟ್ಟಿಗೆ ಕಡಿದು ಹೋಗುತ್ತಿದ್ದವು. ಅದು ಗೊತ್ತಿದ್ದೂ ಹೆಜ್ಜೆ ಇಟ್ಟ ಡೇನಿಯಲ್‌ನಂಥವರನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಅದು ಅವರು ತಾವೇ ಮಾಡಿಕೊಂಡ ಆಯ್ಕೆ.

ಬರ ಬಂದಾಗ ಆಯ್ಕೆಯ ಮಾತೇ ಉಳಿಯಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರ. ಮಾಮೂಲಾಗಿ ಏರಬೇಕಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದಿತ್ತು. ತುಮಕೂರು, ಚಿತ್ರದುರ್ಗ, ಕೋಲಾರದಂಥ ಮಳೆ ಕಡಿಮೆಯ ಜಿಲ್ಲೆಗಳಲ್ಲಿ ಹೊಡೆತ ಜಾಸ್ತಿ. ಕೆರೆ ಒಣಗಿತು, ರಾಗಿಯ ಹಗೇವು ಬರಿದಾಯಿತು, ದನ ಸತ್ತವು. ಜನ ಗಂಜಿ ಕೇಂದ್ರಗಳ ದಾರಿ ಹಿಡಿದರು. ಲಂಡನ್ನಿನಲ್ಲಿ ಮ್ಯಾನ್ಷನ್ ಹೌಸ್ ನಿಧಿ ಎಂದು ಚಂದಾ ಎತ್ತಿದರು, ದುಡ್ಡೂ ಬಂತು. ಆದರೆ ಆ ದುಡ್ಡು ಹಳ್ಳಿಗೆ ಇಳಿಯುವ ಹೊತ್ತಿಗೆ ತೀರಬೇಕಾದ್ದು ತೀರಿತ್ತು. ತಂದೆತಾಯಿ ಸತ್ತು ಉಳಿದ ಮಕ್ಕಳಿಗೆಂದು ವೆಸ್ಲಿಯನ್ ಮಿಷನ್ ಅನಾಥಾಲಯಗಳನ್ನು ತೆರೆಯಿತು: ಗಂಡುಮಕ್ಕಳಿಗೆ ತುಮಕೂರು, ಹೆಣ್ಣುಮಕ್ಕಳಿಗೆ ಹಾಸನ. ಕ್ಯಾಥೊಲಿಕರು ತಮ್ಮವನ್ನು ತೆರೆದರು. ಹೊಟ್ಟೆ ತುಂಬಿದ ಮೇಲೆ ಕೈಗೊಂದು ಕಸಬು ಬೇಕಲ್ಲ, ಬಡಗಿ ಕೆಲಸದಂಥವನ್ನು ಕಲಿಸಿದರು.

ಮುತ್ತಜ್ಜ ಮಾಡಿದ ಒಂದು ಹಲಸಿನ ಮರದ ಪೆಟ್ಟಿಗೆ ನನ್ನ ಹತ್ತಿರ ಇದೆ. ಮೂಲೆಗಳಲ್ಲಿ ಒಂದೂ ಮೊಳೆ ಇಲ್ಲ. ಹಲಗೆಯ ಹಲ್ಲಿಗೆ ಹಲ್ಲು ಕೂರಿಸಿ ಬಿಗಿದದ್ದು. ಮುಚ್ಚಳದ ಒಳಬದಿಯಲ್ಲಿ ಉಳಿಯಿಂದ ಕೊರೆದ ಎರಡು ಅಕ್ಷರಗಳಿವೆ. ಅವು ಮಿಷನ್ ಇಟ್ಟ ಹೆಸರಿನವಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರಿರಬಹುದೆಂದು ಅಪ್ಪ ನಂಬಿದ್ದರು.

ಮುತ್ತಜ್ಜನ ಪ್ರಾಣ ಉಳಿಸಿದವರಿಗೆ ನಾನು ಋಣಿ. ಅವರು ಎತ್ತಿಕೊಳ್ಳದಿದ್ದರೆ ನಾನು ಇಲ್ಲ, ಈ ಬರಹವೂ ಇಲ್ಲ. ನಾನು ನಂಬುವ ಯೇಸುಸ್ವಾಮಿಯೂ ನನಗೆ ಅದೇ ದಾರಿಯಲ್ಲಿ ಸಿಕ್ಕವನು. ಹಾಗಿದ್ದೂ ಒಂದು ಮಾತನ್ನು ಹೇಳಲೇಬೇಕು. ಆ ಕಾಲದ ಅನಾಥಾಲಯಗಳು, ಯಾವ ಸಭೆಯವೇ ಆಗಲಿ, ಮಗುವಿಗೆ ಅನ್ನದ ಜೊತೆ ಹೊಸ ಮತವನ್ನೂ ಹೊಸ ಹೆಸರನ್ನೂ ಒಂದೇ ತಟ್ಟೆಯಲ್ಲಿ ಇಟ್ಟವು. ಹಸಿದ ಕೈ ಎಲ್ಲವನ್ನೂ ತೆಗೆದುಕೊಂಡಿತು. ಬರ ಇಳಿದ ಮೇಲೆ ಆ ಮಗುವಿನ ಚಿಕ್ಕಪ್ಪನೋ ಸೋದರಮಾವನೋ ಬದುಕಿದ್ದಾರೆಯೇ ಎಂದು ಹುಡುಕುವ ಕೆಲಸ ಆಗಬೇಕಿತ್ತು. ದುಃಖದಲ್ಲಿರುವ ಮಗುವಿನ ಬಳಿಗೆ ಹೋಗುವವರು ತಮ್ಮ ಮತದ ಬಾಗಿಲನ್ನು ಆ ದುಃಖದ ಮೂಲಕ ತೆರೆಯಬಾರದು. ಮಗುವಿನ ಬಂಧುಬಳಗದ ಬಾಗಿಲನ್ನು ಮುಚ್ಚಲೂಬಾರದು. ನಲವತ್ತು ವರ್ಷ ಮೇಷ್ಟ್ರಿಕೆ ಮಾಡಿ, ಹಾಸ್ಟೆಲಿನ ಹುಡುಗಿಯರ ಮಾತು ಕೇಳಿ, ನಾನು ಬಂದು ನಿಂತಿರುವುದು ಇಲ್ಲಿ.

ಊರು ಬಿಟ್ಟ ಹರೆಯದವರ ಕೈ ಹಿಡಿಯುವ ಕೆಲಸ ಕ್ರೈಸ್ತ ಲೋಕದಲ್ಲಿ ಹಳೆಯದು. ವೈ.ಎಂ.ಸಿ.ಎ. ಎಂದರೆ ಈಗ ನಮಗೆ ಬ್ಯಾಡ್ಮಿಂಟನ್ ಅಂಗಳ ನೆನಪಾಗುತ್ತದೆ. ಅದು ಹುಟ್ಟಿದ್ದು 1844ರಲ್ಲಿ, ಲಂಡನ್ನಿನ ಬಟ್ಟೆ ಅಂಗಡಿಯೊಂದರ ಹುಡುಗರ ನಡುವೆ. ಅದನ್ನು ಕಟ್ಟಿದ ಜಾರ್ಜ್ ವಿಲಿಯಮ್ಸ್ ಸ್ವತಃ ಹಳ್ಳಿಯ ರೈತರ ಮಗ. ದಿನವಿಡೀ ಬಟ್ಟೆ ಅಳೆದು ರಾತ್ರಿ ಅಂಗಡಿಯ ಮೇಲೇ ಮಲಗುವ ಹುಡುಗರಿಗೆ ಆ ಊರಿನಲ್ಲಿ ತಮ್ಮವರೆಂದು ಯಾರೂ ಇರಲಿಲ್ಲ. ಭಾರತದಲ್ಲಿ 1916ರಲ್ಲಿ ಕೆ.ಟಿ. ಪಾಲ್ ಆ ಸಂಸ್ಥೆಯ ಮೊದಲ ಭಾರತೀಯ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿಯಾದರು. ಹಳ್ಳಿಯ ಸಾಲದ ಕಷ್ಟಕ್ಕೆ ಸಹಕಾರ ಸಂಘದ ಮದ್ದು ಅರೆದವರು ಅವರು. ಮನಸ್ಸಿನ ಕಾಯಿಲೆಯ ಕಡೆಗೆ ಮಿಷನ್ನುಗಳು ತಿರುಗಿದ್ದು ಇನ್ನೂ ತಡವಾಗಿ. ಮೆಥಡಿಸ್ಟ್ ಬೋಧಕ ಇ. ಸ್ಟ್ಯಾನ್ಲಿ ಜೋನ್ಸ್ 1950ರಲ್ಲಿ ಲಖನೌದಲ್ಲಿ ನೂರ್ ಮಂಜಿಲ್ ಮನೋರೋಗ ಕೇಂದ್ರ ತೆರೆದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮಾನಸಿಕ ರೋಗಿಯ ಜೊತೆ ಮನೆಯವರೂ ಬಂದು ಇರಬೇಕೆಂಬ ಪದ್ಧತಿ ಇಟ್ಟರು. ನನ್ನ ಮಟ್ಟಿಗೆ ಇದು ದೊಡ್ಡ ತಿರುವು. ರೋಗಿಯನ್ನು ಮನೆಯಿಂದ ಬಿಡಿಸಿ ಗುಣಪಡಿಸುವ ಬದಲು ಮನೆಯನ್ನೇ ಜೊತೆಗೆ ಕರೆದದ್ದು. ಅದೇ ಊರಿನಲ್ಲಿ ಆಪ್ತಸಲಹೆಯ ಬೇಸಿಗೆ ತರಬೇತಿಗೆ ನಾನು ಹೋಗಿದ್ದೆ. ಎದುರಿನವರು ಸುಮ್ಮನಿದ್ದಾಗ ನಾವೂ ಸುಮ್ಮನಿರುವುದನ್ನು ಕಲಿಯುವುದಕ್ಕೇ ವಾರಗಳು ಹಿಡಿದವು.

ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ ಅವರ ವಿಷಯ ನನಗೆ ತಿಳಿದದ್ದೂ ಆಗಲೇ. ಅವರು ಹೊಸದಾಗಿ ಪಾದ್ರಿಯಾಗಿದ್ದಾಗ, 1935ರಲ್ಲಿ, ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಶವಸಂಸ್ಕಾರ ಮಾಡಬೇಕಾಯಿತು. ಆಕೆ ಮೊದಲ ಸಲ ಮುಟ್ಟಾದಾಗ ಅದನ್ನು ಗುಹ್ಯರೋಗವೆಂದು ತಿಳಿದು ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರೂ ಇರಲಿಲ್ಲ. 1953ರಲ್ಲಿ ಚಾಡ್ ವಾರಾ ಲಂಡನ್ನಿನ ಚರ್ಚೊಂದರಲ್ಲಿ ಫೋನ್ ಇಟ್ಟು ಸಮರಿಟನ್ಸ್ ಶುರುಮಾಡಿದರು. ಫೋನ್ ಮಾಡಿದವರಿಗೆ ಮತಬೋಧನೆ ಮಾಡಕೂಡದು ಎಂಬುದು ಪಾದ್ರಿಯೇ ಹಾಕಿದ ಕಟ್ಟು. ಆ ಕಟ್ಟು ಅವರ ನಂಬಿಕೆಯನ್ನು ಕುಗ್ಗಿಸಿತೆಂದು ನನಗೆ ಅನಿಸುವುದಿಲ್ಲ. ನಮ್ಮ ಹಳ್ಳಿಯ ಶಾಲೆಗಳಲ್ಲೂ ಅಂಥ ಹುಡುಗಿಯರನ್ನು ನಾನು ಕಂಡಿದ್ದೇನೆ, ದೇವರ ದಯೆಯಿಂದ ಬದುಕಿರುವಾಗಲೇ.

ಈಗ ಊರು ಬಿಡುವವರು ನಮ್ಮ ಮಕ್ಕಳೇ. ಹಂದನಕೆರೆ ಹೋಬಳಿಯ ತೋಟಗಳಲ್ಲಿ ಕಾಯಿ ಕೆಡವುವವರು ಸಿಗುವುದಿಲ್ಲ. ಮೊಮ್ಮಕ್ಕಳು ಬೆಂಗಳೂರಿನಲ್ಲೋ ಡಬ್ಲಿನ್ನಿನಲ್ಲೋ ಇರುತ್ತಾರೆ. ನನ್ನ ತಂಗಿಯ ಮಗಳು ನರ್ಸ್ ಆಗಿ ಬರ್ಮಿಂಗ್‌ಹ್ಯಾಮ್ ಸೇರಿದಳು. ವೆಸ್ಲಿ ಬೋಧಕರನ್ನು ನಮಗೆ ಕಳಿಸಿದ ದೇಶಕ್ಕೆ ಬರಗಾಲದ ಮಗುವಿನ ವಂಶದವಳು ಹೋಗಿ ಅಲ್ಲಿನ ಮುದುಕರ ಆರೈಕೆ ಮಾಡುತ್ತಿದ್ದಾಳೆ. ಅದೇ ಊರಿನಲ್ಲಿ ಹಿಂದೆ ಲೆಸ್ಲಿ ನ್ಯೂಬಿಗಿನ್ ಇದ್ದರು. 1947ರ ಸೆಪ್ಟೆಂಬರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯ ಮೊದಲ ಬಿಷಪ್ಪರಲ್ಲಿ ಅವರೊಬ್ಬರು. ತಮಿಳನ್ನು ನೀರು ಕುಡಿದಂತೆ ಮಾತಾಡುತ್ತಿದ್ದವರು. ನಿವೃತ್ತರಾದ 1974ರಲ್ಲಿ ಹೆಂಡತಿಯ ಜೊತೆ ಎರಡು ಸೂಟ್‌ಕೇಸ್ ಹಿಡಿದು, ಸಿಕ್ಕ ಬಸ್ಸು ಹತ್ತುತ್ತ ನೆಲದ ದಾರಿಯಲ್ಲೇ ಮದ್ರಾಸಿನಿಂದ ಇಂಗ್ಲೆಂಡ್ ಸೇರಿದರು. ಆಮೇಲೆ ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್‌ನಲ್ಲಿ, ಜೈಲಿನ ಎದುರಿನ ಬಡ ಬಡಾವಣೆಯ ಒಂದು ಪುಟ್ಟ ಸಭೆಯ ಪಾದ್ರಿಯಾದರು. ಮನೆಮನೆಗೆ ಹೋದಾಗ ಇಂಗ್ಲಿಷರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು, ಒಳಗೆ ಕರೆದು ಕೂರಿಸಿ ಚಹಾ ಕೊಟ್ಟವರು ಏಷ್ಯಾದಿಂದ ಬಂದ ಮನೆಯವರು ಎಂದು ಅವರು ಬರೆದುಕೊಂಡಿದ್ದಾರೆ.

ಆ ಮನೆಗಳ ಮಕ್ಕಳ ಕಷ್ಟವನ್ನು ಒಳಗಿನಿಂದ ಹೇಳಿದವರಲ್ಲಿ ರಾಮ್ ಗಿಡೂಮಲ್ ಒಬ್ಬರು. ಮೊಂಬಾಸಾದ ಸಿಂಧಿ ಹಿಂದೂ ಕುಟುಂಬದಲ್ಲಿ ಹುಟ್ಟಿ, ಹರೆಯದಲ್ಲಿ ಲಂಡನ್ನಿಗೆ ಬಂದು, ಕಾಲೇಜಿನಲ್ಲಿದ್ದಾಗ ಕ್ರೈಸ್ತರಾದವರು. ಎರಡು ಸಂಸ್ಕೃತಿಗಳ ನಡುವೆ ಬೆಳೆಯುವವರ ಪಾಡನ್ನು ಕುರಿತ ಅವರ ಪುಸ್ತಕದ ಹೆಸರು 'ಸಾರಿ ಎನ್ ಚಿಪ್ಸ್'. ಯೇಸುವನ್ನು ನಂಬಿದ ಮಾತ್ರಕ್ಕೆ ತನ್ನವರ ಊಟ, ಹಾಡು, ನಂಟಸ್ತಿಕೆಯನ್ನು ಬಿಟ್ಟು ಇಂಗ್ಲಿಷರಂತೆ ಆಗಬೇಕಿಲ್ಲ ಎನ್ನುವುದು ಅವರು ಹಿಡಿದ ಹಟ. ನಮ್ಮ ಮುತ್ತಜ್ಜನ ಕಾಲದಲ್ಲಿ ಈ ಮಾತು ಹೇಳುವವರು ಬೇಕಿತ್ತು.

ತಂಗಿಯ ಮಗಳು ಶುಕ್ರವಾರ ಸಂಜೆ ತನ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ಹರೆಯದವರ ಗುಂಪು ನಡೆಸುತ್ತಾಳೆ. ಅವಳಲ್ಲಿಗೆ ಹೋದಾಗ ನಾನೂ ಕೂತಿದ್ದೆ. ಪಂಜಾಬಿ, ಗುಜರಾತಿ, ಮಲಯಾಳಿ, ತಮಿಳು ಮಕ್ಕಳು, ಕನ್ನಡದವು ಎರಡೇ. ಅಲ್ಲಿನ ಕಾನೂನು ಬಿಗಿ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆಯನ್ನು ಸರ್ಕಾರ ಮೊದಲು ತಪಾಸಣೆ ಮಾಡುತ್ತದೆ. ಅವರ ಚರ್ಚಿನಲ್ಲಿ ಮಗುವನ್ನು ಒಬ್ಬೊಬ್ಬರೇ ಮುಚ್ಚಿದ ಕೋಣೆಯಲ್ಲಿ ಕೂರಿಸಿಕೊಳ್ಳುವಂತಿಲ್ಲ. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡುವಂತಿಲ್ಲ, ಮಗುವಿನ ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕು. ಈ ಕಟ್ಟುಪಾಡು ನಮ್ಮ ಚರ್ಚು, ಮಠ, ಹಾಸ್ಟೆಲುಗಳಿಗೆಲ್ಲ ಬರಬೇಕೆಂಬುದು ನನ್ನ ಆಸೆ. ಮಕ್ಕಳು ಮೊದಲು ಪಿಂಗ್‌ಪಾಂಗ್ ಆಡಿದರು, ಪಿಜ್ಜಾ ತಿಂದರು. ಆಮೇಲೆ ಮಾತು ಹೊರಟಿತು. ಒಬ್ಬಳಿಗೆ ಡಾಕ್ಟರ್ ಓದು ಬೇಡ. ಒಬ್ಬನನ್ನು ಶಾಲೆಯಲ್ಲಿ ಬಣ್ಣಕ್ಕೆ ಹಂಗಿಸುತ್ತಾರೆ, ಮನೆಯಲ್ಲಿ ಹೇಳಿದರೆ 'ನೀನು ಓದಿನ ಕಡೆ ನೋಡು' ಎನ್ನುತ್ತಾರೆ. ಅಪ್ಪ ಅಮ್ಮ ಎರಡು ಪಾಳಿ ದುಡಿಯುವುದನ್ನು ನೋಡುವ ಮಗು ತನ್ನ ದುಃಖವನ್ನು ಅವರ ಮೇಲೆ ಹೇರಲು ಹೆದರುತ್ತದೆ. ನಮ್ಮೂರ ಹಾಸ್ಟೆಲಿನ ಹುಡುಗಿಯರೂ ಹೀಗೆಯೇ. ಮನೆಯಿಂದ ಬಂದ ಕಾಗದಕ್ಕೆ 'ನಾನು ಕ್ಷೇಮ' ಎಂದು ಬರೆದು ಅತ್ತವರನ್ನು ಎಷ್ಟು ನೋಡಿಲ್ಲ.

ಆ ಗುಂಪಿನಲ್ಲಿ ಒಬ್ಬ ಹುಡುಗ, ಹಿಂದೂ ಮನೆಯವನು, ಅಪ್ಪನ ಜೊತೆ ಜಗಳವಾಡಿ ಚೀಲ ಹಿಡಿದು ರಾತ್ರಿ ನನ್ನ ತಂಗಿಯ ಮಗಳ ಮನೆಬಾಗಿಲಿಗೆ ಬಂದ. ತನಗೆ ದೀಕ್ಷಾಸ್ನಾನ ಬೇಕು, ಇನ್ನು ಮನೆಗೆ ಹೋಗುವುದಿಲ್ಲ ಎಂದ. ಮನೆಯಲ್ಲಿ ಅವನಿಗೆ ಅಪಾಯವೇನಾದರೂ ಇದೆಯೇ ಎಂದು ಇವಳು ಮೊದಲು ಕೇಳಿದಳು. ಇರಲಿಲ್ಲ. ಅನ್ನ ಸಾರು ಬಡಿಸಿದಳು. ಅವನ ಕೈಯಿಂದಲೇ ತಾಯಿಗೆ ಫೋನ್ ಮಾಡಿಸಿದಳು. ಗಂಡನನ್ನು ಕರೆದುಕೊಂಡು ಅದೇ ರಾತ್ರಿ ಅವನ ಜೊತೆ ಅವನ ಮನೆಗೆ ಹೋಗಿ, ತಂದೆಯ ಕೋಪವನ್ನು ಕೂತು ಕೇಳಿದಳು. ನಿಮ್ಮ ಮಗನನ್ನು ನಿಮ್ಮಿಂದ ಬಿಡಿಸಲು ನಾವು ಬಂದಿಲ್ಲ ಎಂದಳು. ದೀಕ್ಷಾಸ್ನಾನದ ವಿಷಯ ಅವನಿಗೆ ಹದಿನೆಂಟಾದ ಮೇಲೆ, ಅವನು ತಾನೇ ಅಪ್ಪ ಅಮ್ಮನ ಎದುರು ಹೇಳಿದ ಮೇಲೆ ಎಂದು ಇಬ್ಬರ ಮುಂದೆಯೂ ತೀರ್ಮಾನವಾಯಿತು. ಅವಳ ಸಭೆಯಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಬಂದ ಆತ್ಮವನ್ನು ಬಾಗಿಲಿಂದ ಹಿಂದಕ್ಕೆ ಕಳಿಸಿದೆ ಎಂದರು. ಅವಳು ನನಗೆ ಫೋನ್ ಮಾಡಿ ಕೇಳಿದಾಗ, ನೀನು ಮಾಡಿದ್ದೇ ಸರಿ ಎಂದೆ. ಮುತ್ತಜ್ಜನ ಪೆಟ್ಟಿಗೆಯ ಮುಚ್ಚಳದ ಆ ಎರಡು ಅಕ್ಷರಗಳ ಚಿತ್ರವನ್ನು ಅವಳಿಗೆ ಕಳಿಸಿದೆ.

ಹುಡುಗ ಈಗಲೂ ಶುಕ್ರವಾರ ಬರುತ್ತಾನೆ. ತಾಯಿ ಗುಂಪಿಗೆಲ್ಲ ಢೋಕ್ಲಾ ಕಟ್ಟಿ ಕಳಿಸುತ್ತಾರೆ. ತಂದೆ ಇನ್ನೂ ಇವಳೊಡನೆ ನೆಟ್ಟಗೆ ಮಾತಾಡುವುದಿಲ್ಲ, ಮಗನನ್ನು ಕಾರಿನಲ್ಲಿ ತಂದು ಬಿಟ್ಟು ಹೋಗುತ್ತಾರೆ. ಬರುವ ಮಾರ್ಚಿಗೆ ಅವನಿಗೆ ಹದಿನೆಂಟು.