ಬಂಡಿಯ ಅಚ್ಚು, ಪಿಕಪ್‌ನ ಸರಳು

ಭಾರತ ಹುಣ್ಣಿಮೆ ಹತ್ತಿರವಾದರೆ ನಮ್ಮಪ್ಪ ಕೂಡ್ಲಿಗಿ ಕಡೆಯಿಂದ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಬಂಡಿ ಕಟ್ಟುತ್ತಿದ್ದರು. ಕಮಾನುಪಟ್ಟಿ ಇಲ್ಲದ ಬಂಡಿ. ಅಚ್ಚಿನ ಮೇಲೆ ನೇರ ಮರ, ಗಾಲಿಗೆ ಕಬ್ಬಿಣದ ಹಳಿ, ಕೂರಲು ಜೋಳದ ಸೊಪ್ಪೆ. ಎತ್ತಿನ ನಡಿಗೆಗೆ ಅಷ್ಟು ಸಾಕಿತ್ತು.

ಈಗ ಪಿಕಪ್ ಕಾಲ. ಕಲ್ಲುದಾರಿಯಲ್ಲಿ ಗಾಲಿ ಸಲೀಸಾಗಿ ಏರಿಳಿಯಲೆಂದು ಕೆಲವರು ಸ್ವೇ ಬಾರ್ ಬಿಚ್ಚಿಸುತ್ತಾರೆ. ಎಡಬಲದ ಗಾಲಿಗಳನ್ನು ಬೆಸೆಯುವ ಉಕ್ಕಿನ ಸರಳದು. ತಿರುವಿನಲ್ಲಿ ಒಂದು ಬದಿ ಕುಸಿದರೆ ತಾನೇ ತಿರುಚಿಕೊಂಡು ಗಾಡಿ ವಾಲದಂತೆ ತಡೆಯುತ್ತದೆ. ಹೊಲದಲ್ಲಿ ಮೆಲ್ಲಗೆ ಓಡಾಡುವಾಗ ಅದಿಲ್ಲದೆಯೂ ನಡೆದೀತು. ಡಾಂಬರು ರಸ್ತೆಯ ವೇಗಕ್ಕೆ ನಡೆಯದು.

2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರೇ ಉರುಳಿದ್ದನ್ನು ಕಂಡ ಸೀಮೆ ನಮ್ಮದು. ಎತ್ತರದ ಭಾರ ಒಮ್ಮೆ ವಾಲಿದರೆ ಯಾರ ಕೈಗೂ ಸಿಗುವುದಿಲ್ಲ. ಈರುಳ್ಳಿ ಚೀಲ ಪೇರಿಸಿ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ದಾರಿ ಹಿಡಿಯುವವರೇ, ಆ ಸರಳನ್ನು ದಯವಿಟ್ಟು ಬಿಚ್ಚಿಸಬೇಡಿ.