ಚಂಚಲ ಮಕ್ಕಳ ಮದ್ದು: ಒಂದು ಭಯದ ಚರಿತ್ರೆ

ತರಗತಿಯಲ್ಲಿ ಒಂದೆಡೆ ಕೂರಲಾರದ, ಹೇಳಿದ್ದನ್ನು ಮರುಕ್ಷಣವೇ ಮರೆಯುವ ಮಗುವನ್ನು ನಮ್ಮ ಹಿರಿಯರು ‘ಪೋಕರಿ’ ಎಂದು ಕರೆದು ಬೆತ್ತಕ್ಕೆ ಒಪ್ಪಿಸುತ್ತಿದ್ದರು. ಇಂದು ಪೆರ್ಡೂರಿನ ಹೆತ್ತವರು ಅಂತಹ ಮಗುವನ್ನು ಹಿರಿಯಡ್ಕದ ದಾರಿಯಾಗಿ ಮಣಿಪಾಲಕ್ಕೆ, ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಬಲ್ಲರು. ಆದರೆ ವೈದ್ಯರ ಚೀಟಿಯಲ್ಲಿ ‘ಮಿಥೈಲ್‌ಫೆನಿಡೇಟ್’ ಎಂಬ ಹೆಸರು ಕಂಡೊಡನೆ ಮನೆಯಲ್ಲಿ ಅಳುಕು ಹುಟ್ಟುತ್ತದೆ. 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲಿಯೂ ಇರುವ ಈ ಉತ್ತೇಜಕವನ್ನು ಎಳವೆಯಲ್ಲಿಯೇ ಕೊಟ್ಟರೆ, ಮಗು ಬೆಳೆದ ಮೇಲೆ ಅಮಲಿನ ದಾರಿ ಹಿಡಿಯದೇ?

ಈ ಚಿಕಿತ್ಸೆಯ ಆರಂಭವೇ ಆಕಸ್ಮಿಕ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ, ಮಿದುಳಿನ ಉರಿಯೂತದಿಂದ ನರಳಿದ ಮಗಳ ನೆನಪಿಗೆ ಒಂದು ಕುಟುಂಬ ಕಟ್ಟಿಸಿದ ಮಕ್ಕಳ ಆಸ್ಪತ್ರೆಯಿತ್ತು. ಅಲ್ಲಿ ಮಿದುಳಿನ ಕ್ಷಕಿರಣ ಪರೀಕ್ಷೆಯಾದ ಮಕ್ಕಳನ್ನು ವಿಪರೀತ ತಲೆನೋವು ಕಾಡುತ್ತಿತ್ತು. ಅದರ ಶಮನಕ್ಕೆಂದು ಡಾ. ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಕೊಟ್ಟರು. ತಲೆನೋವೇನೋ ಹೆಚ್ಚು ತಗ್ಗಲಿಲ್ಲ. ಆದರೆ ಪಾಠದಲ್ಲಿ ಮಕ್ಕಳ ಆಸಕ್ತಿ ಬದಲಾಯಿತು. 1937ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಮೂವತ್ತು ಮಕ್ಕಳಲ್ಲಿ ಹದಿನಾಲ್ವರು ಶಾಲಾಭ್ಯಾಸದಲ್ಲಿ ಎದ್ದುಕಾಣುವಂತೆ ಸುಧಾರಿಸಿದರು. ಮಕ್ಕಳು ಅದನ್ನು ಲೆಕ್ಕದ ಗುಳಿಗೆ ಎಂದೇ ಕರೆದರಂತೆ! ಉತ್ತೇಜಕವೊಂದು ಮಕ್ಕಳನ್ನು ಶಾಂತಗೊಳಿಸಿದ ಈ ವಿಚಿತ್ರ ಸಂಗತಿಯನ್ನು ವೈದ್ಯಲೋಕ ಎರಡು ದಶಕಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಕಡೆಗಣಿಸಿತು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾದ ಮಿಥೈಲ್‌ಫೆನಿಡೇಟ್ ಮಕ್ಕಳ ಚಿಕಿತ್ಸೆಗೆ ಬಳಕೆಯಾದದ್ದು ಅರುವತ್ತರ ದಶಕದಲ್ಲಿ.

ಭಯಕ್ಕೆ ಆಧಾರ ಒದಗಿಸಿದ್ದು ಮುಖ್ಯವಾಗಿ ಇಲಿಗಳು. ಉತ್ತೇಜಕವನ್ನು ಪದೇಪದೇ ಚುಚ್ಚಿದರೆ ಇಲಿಯ ಪ್ರತಿಕ್ರಿಯೆ ತಗ್ಗುವ ಬದಲು ಏರುತ್ತದೆ. ಇದನ್ನೇ ಸಂವೇದನೆಯ ಹೆಚ್ಚಳವೆನ್ನುವುದು. ಹರೆಯದಲ್ಲಿ ಮಿಥೈಲ್‌ಫೆನಿಡೇಟ್ ಪಡೆದ ಇಲಿಗಳು ಮುಂದೆ ಕೊಕೇನಿಗೆ ಹೆಚ್ಚು ಒಲಿದವೆಂದು 2001ರ ಅಧ್ಯಯನವೊಂದು ತಿಳಿಸಿತು. ಮರುವರ್ಷ, ಇನ್ನೂ ಎಳೆಯ ಇಲಿಗಳ ಮೇಲಿನ ಮತ್ತೊಂದು ಅಧ್ಯಯನ ನೇರ ವಿರುದ್ಧವಾದುದನ್ನು ಕಂಡಿತು: ಅವು ಕೊಕೇನಿನಿಂದ ದೂರ ಸರಿದವು. ಇಲಿಯ ಚುಚ್ಚುಮದ್ದು ಬೇರೆ, ಮಗು ನುಂಗುವ ಮಾತ್ರೆ ಬೇರೆ. ಮಿದುಳನ್ನು ನಿಧಾನವಾಗಿ ತಲುಪುವ ಮದ್ದಿಗೆ ಅಮಲೇರಿಸುವ ಶಕ್ತಿ ಕಡಿಮೆ.

ಮನುಷ್ಯರ ಸಾಕ್ಷ್ಯವೂ ಮೊದಲು ಒಂದೇ ದಿಕ್ಕಿನಲ್ಲಿರಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಅಪಾಯವಿದೆಯೆಂದಿತು. 2003ರಲ್ಲಿ ವಿಲೆನ್ಸ್ ಮತ್ತು ಸಂಗಡಿಗರು ಆರು ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಪಡೆದವರಲ್ಲಿ ವ್ಯಸನ ಕಡಿಮೆಯೆಂದರು. 2013ರಲ್ಲಿ ಹದಿನೈದು ಅಧ್ಯಯನಗಳ, ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ಎರಡನ್ನೂ ಒಪ್ಪಲಿಲ್ಲ: ಮದ್ದು ವ್ಯಸನವನ್ನು ಹೆಚ್ಚಿಸುವುದೂ ಇಲ್ಲ, ತಡೆಯುವುದೂ ಇಲ್ಲ. ನನಗೆ ಈ ತೀರ್ಮಾನವೇ ಹೆಚ್ಚು ನಂಬಲರ್ಹವೆನಿಸುತ್ತದೆ.

ಆದರೆ ಚಿಕಿತ್ಸೆಯಿರಲಿ ಇಲ್ಲದಿರಲಿ, ಈ ತೊಂದರೆಯುಳ್ಳ ಮಕ್ಕಳಿಗೆ ಮುಂದೆ ಧೂಮಪಾನ, ಕುಡಿತಗಳ ಅಪಾಯ ಇತರರಿಗಿಂತ ಹೆಚ್ಚೆಂಬುದು ಸ್ಥಿರಪಟ್ಟ ಸಂಗತಿ. ಹೆತ್ತವರು ವೈದ್ಯರಲ್ಲಿ ಕೇಳಬೇಕಾದ ಬೇರೆ ಪ್ರಶ್ನೆಗಳೂ ಇವೆ: ಹಸಿವು ಇಂಗುತ್ತಿದೆಯೇ, ನಿದ್ರೆ ಬರುತ್ತಿದೆಯೇ, ಎತ್ತರ ತೂಕಗಳು ವಯಸ್ಸಿಗೆ ತಕ್ಕಂತೆ ಏರುತ್ತಿವೆಯೇ? ಮಾತ್ರೆಯ ಡಬ್ಬಿ ಕಪಾಟಿನೊಳಗೆ, ಬೀಗದ ಹಿಂದೆ ಇರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಕೇಳಿಕೊಂಡು ಬರುವ ಸಹಪಾಠಿಗಳೂ ಇರುತ್ತಾರೆ.