ಹೊಸ ಕಾರಿನ ವಾರಂಟಿ: ಕೆಂಪು ದೀಪ ಹತ್ತಿದ ಮೇಲೂ ಓಡಿಸಿದರೆ ಖರ್ಚು ನಿಮ್ಮ ತಲೆ ಮೇಲೆ

ಹಾಸನ: ಶಿರಾಡಿ ಘಾಟಿ ಹತ್ತುವಾಗ ಮೀಟರ್‌ನಲ್ಲಿ ಥರ್ಮಾಮೀಟರ್ ಆಕಾರದ ಕೆಂಪು ದೀಪ ಹತ್ತಿತು ಎಂದಿಟ್ಟುಕೊಳ್ಳಿ. ಕಾರು ತಗೊಂಡು 14 ತಿಂಗಳಾಗಿದೆ. "ಸಕಲೇಶಪುರ ಇನ್ನೇನು ಬಂತು, ಅಲ್ಲೇ ನೋಡೋಣ, ಹೇಗೂ ವಾರಂಟಿ ಇದೆಯಲ್ಲ" ಅಂತ ಓಡಿಸಿಕೊಂಡು ಬಂದರೆ ಅಷ್ಟರಲ್ಲಿ ಇಂಜಿನ್‌ನ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಕೂಲಂಟ್ ಪೈಪ್ ತಾನಾಗಿ ಬಿರುಕು ಬಿಟ್ಟಿದ್ದರೆ ಆ ಪೈಪ್ ವಾರಂಟಿಗೆ ಸೇರುತ್ತದೆ. ಆದರೆ ದೀಪ ಹತ್ತಿದ ಮೇಲೂ ಓಡಿಸಿದ್ದರಿಂದ ಇಂಜಿನ್ ಹಾಳಾಯ್ತು ಎಂದು ಕಂಪನಿ ಹೇಳಿದರೆ ಸಾವಿರದ ಕೆಲಸ ಲಕ್ಷದ ಹತ್ತಿರ ಹೋಗಬಹುದು. "ದೀಪ ಹತ್ತಲೇ ಇಲ್ಲ" ಅನ್ನೋಕೂ ಆಗಲ್ಲ. ಈಗಿನ ಕಾರುಗಳಲ್ಲಿ ಇಂಥ ದೋಷ ಕಂಪ್ಯೂಟರ್‌ನಲ್ಲಿ ಕೋಡ್ ಆಗಿ ಉಳಿದಿರುತ್ತದೆ.

ಕಾರು ಕೊಳ್ಳುವಾಗ ಬಣ್ಣ, ಮೈಲೇಜು, ಡಿಸ್ಕೌಂಟು ಎಲ್ಲ ವಿಚಾರಿಸುವವರು ವಾರಂಟಿ ಪುಸ್ತಕವನ್ನು ಕವರ್ ಸಮೇತ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟುಬಿಡುತ್ತಾರೆ. ಆ ಪುಸ್ತಕ ಹೊರಗೆ ಬರೋದು ಕಾರು ಕೆಟ್ಟ ದಿನವೇ. ವಾರಂಟಿ ಏನು ಕೊಡುತ್ತದೆ, ಏನು ಕೊಡಲ್ಲ, ಯಾವ ದೀಪಕ್ಕೆ ಗಾಡಿ ನಿಲ್ಲಿಸಬೇಕು ಎಂಬ ವಿವರ ಇಲ್ಲಿದೆ.

ವಾರಂಟಿ ಬೇರೆ, ಫ್ರೀ ಸರ್ವಿಸ್ ಬೇರೆ, ಇನ್ಶೂರೆನ್ಸ್ ಬೇರೆ

ಷೋರೂಮ್‌ನಲ್ಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲ ಶುರುವಾಗುತ್ತದೆ. ವಾರಂಟಿ ಎಂದರೆ ಕಾರು ತಯಾರಾಗುವಾಗಲೇ ಇದ್ದ ದೋಷಕ್ಕೆ, ಅಂದರೆ ಕಳಪೆ ಭಾಗ ಅಥವಾ ತಪ್ಪು ಜೋಡಣೆಗೆ, ಕಂಪನಿ ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಕೊಡುವ ಭರವಸೆ. ಕಾರು ಗುದ್ದಿದರೆ, ನೀರಲ್ಲಿ ಮುಳುಗಿದರೆ, ಕಳುವಾದರೆ ಅದು ಇನ್ಶೂರೆನ್ಸ್ ಲೆಕ್ಕ. ಫ್ರೀ ಸರ್ವಿಸ್ ಅಂದರೆ ಸಾಮಾನ್ಯವಾಗಿ ಮೊದಲ ಮೂರು ಸರ್ವಿಸ್‌ಗೆ ಕೂಲಿ ಮಾತ್ರ ಫ್ರೀ. ಇಂಜಿನ್ ಆಯಿಲ್, ಫಿಲ್ಟರ್ ದುಡ್ಡು ಗ್ರಾಹಕರದ್ದೇ. "ಫ್ರೀ ಅಂದ್ರಲ್ಲ, ಬಿಲ್ ಯಾಕೆ" ಎಂದು ಕೌಂಟರ್‌ನಲ್ಲಿ ಆಗುವ ಜಗಳದಲ್ಲಿ ಮುಕ್ಕಾಲು ಪಾಲು ಇದರದ್ದೇ.

ವಾರಂಟಿ ಕಾಲ ಕಂಪನಿಯಿಂದ ಕಂಪನಿಗೆ ಬೇರೆ. ಮಾರುತಿ ಸುಜುಕಿ ಮೊದಲು 2 ವರ್ಷ ಅಥವಾ 40 ಸಾವಿರ ಕಿ.ಮೀ. ಕೊಡುತ್ತಿತ್ತು. 2024ರ ಜುಲೈನಿಂದ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಅದಕ್ಕೂ ಮುಂಚೆ ಕಾರು ತಗೊಂಡವರು ಪಕ್ಕದ ಮನೆಯವರ ಮಾತು ನಂಬದೆ ತಮ್ಮ ಪುಸ್ತಕದಲ್ಲಿ ಇರುವುದನ್ನೇ ನೋಡಬೇಕು. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಪ್ರತ್ಯೇಕ ವಾರಂಟಿ ಇರುತ್ತದೆ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂಬುದು ಸಾಮಾನ್ಯವಾಗಿ ಕಾಣುವ ಲೆಕ್ಕ.

ಇಲ್ಲಿ ‘ಅಥವಾ’ ಅನ್ನುವ ಪದ ಮುಖ್ಯ. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗೀತು. ಹಾಸನದ ಬಟ್ಟೆ ಅಂಗಡಿಯವರೊಬ್ಬರು ವಾರಕ್ಕೊಮ್ಮೆ ಮಾಲು ತರಲು ಬೆಂಗಳೂರಿಗೆ ಹೋಗಿಬರುತ್ತಾರೆ ಅಂದುಕೊಳ್ಳಿ. ಹೋಗಿಬರಲು ಸುಮಾರು 370 ಕಿ.ಮೀ., ವರ್ಷಕ್ಕೆ 19 ಸಾವಿರ ದಾಟುತ್ತದೆ. ಊರಿನ ಓಡಾಟ ದಿನಕ್ಕೆ 50 ಕಿ.ಮೀ. ಸೇರಿಸಿದರೆ ವರ್ಷಕ್ಕೆ 37 ಸಾವಿರದ ಮೇಲೆ. 1 ಲಕ್ಷ ಕಿ.ಮೀ. ಮಿತಿ 2 ವರ್ಷ 8 ತಿಂಗಳಿಗೇ ಮುಗಿಯುತ್ತದೆ. ಇಂಥವರು 3 ವರ್ಷ ಇದೆ ಎಂದು ಕೂರುವಂತಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಬೇಕಿದ್ದರೂ ಅದನ್ನು ಮೂಲ ವಾರಂಟಿ ಚಾಲ್ತಿಯಲ್ಲಿ ಇರುವಾಗಲೇ ಕೊಳ್ಳಬೇಕು. ತಡ ಮಾಡಿದಷ್ಟೂ ದರ ಜಾಸ್ತಿ ಆಗುವುದುಂಟು. ತುಂಬಾ ಓಡಿಸುವವರಿಗೆ, ಆಟೊಮ್ಯಾಟಿಕ್ ಗೇರ್ ಅಥವಾ ಟರ್ಬೊ ಇಂಜಿನ್ ಕಾರಿನವರಿಗೆ ಅದು ಲಾಭವೇ. ತಿಂಗಳಿಗೆ ಎರಡು ಮದುವೆಗೆ ಮಾತ್ರ ಕಾರು ತೆಗೆಯುವವರು ಕಿಲೋಮೀಟರ್ ಲೆಕ್ಕ ನೋಡಿ ಯೋಚಿಸಬಹುದು.

ಷೋರೂಮ್‌ನವರು ‘ಸರ್ವಿಸ್ ಪ್ಯಾಕೇಜ್’ ಎಂದು ಇನ್ನೊಂದನ್ನು ಮಾರುತ್ತಾರೆ. ಅದು ಮುಂದಿನ ಸರ್ವಿಸ್‌ಗಳ ಖರ್ಚನ್ನು ಮುಂಚಿತವಾಗಿ ಕಟ್ಟಿಸಿಕೊಳ್ಳುವ ವ್ಯವಸ್ಥೆ. ಅದರಲ್ಲಿ ಇಂಜಿನ್ ರಿಪೇರಿ ಬರಲ್ಲ. ಎರಡರ ಹೆಸರೂ ಒಂದೇ ಥರ ಕೇಳಿಸುತ್ತದೆ, ಹಾಗಾಗಿ ರಸೀದಿಯಲ್ಲಿ ಏನು ಬರೆದಿದೆ ಎಂದು ಓದಿಯೇ ದುಡ್ಡು ಕೊಡಿ.

ವಾರಂಟಿಗೆ ಬಾರದೇ ಇರುವುದು

ಓಡಿಸಿದಂತೆಲ್ಲ ಸವೆಯುವ ಭಾಗಗಳು ಸಾಮಾನ್ಯವಾಗಿ ವಾರಂಟಿಯಿಂದ ಹೊರಗೆ: ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಫಿಲ್ಟರ್, ಬಲ್ಬು. ಟೈರು ಮತ್ತು 12 ವೋಲ್ಟ್ ಬ್ಯಾಟರಿಗೆ ಅದನ್ನು ತಯಾರಿಸಿದ ಕಂಪನಿಯ ವಾರಂಟಿಯೇ ಬೇರೆ ಇರುತ್ತದೆ.

ಮಲೆನಾಡಿನ ಕಡೆ ದೊಡ್ಡ ತಲೆನೋವು ಇಲಿ. ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ನಿಂತ ಕಾರಿನ ವೈರಿಂಗ್ ಕಡಿದು ಹಾಕಿದರೆ ಅದು ತಯಾರಿಕೆಯ ದೋಷ ಅಲ್ಲ, ವಾರಂಟಿಯಲ್ಲಿ ಸಿಗಲ್ಲ. ಇನ್ಶೂರೆನ್ಸ್‌ನಲ್ಲಿ ಸಿಗುತ್ತದಾ ಎಂದು ಪಾಲಿಸಿ ತೆಗೆದುಕೊಳ್ಳುವಾಗಲೇ ಏಜೆಂಟರನ್ನು ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ರಸ್ತೆ ಮೇಲಿನ ನೀರಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಇಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ವಾರಂಟಿಗೆ ಸೇರಲ್ಲ, ಸಾಮಾನ್ಯ ಇನ್ಶೂರೆನ್ಸ್‌ನಲ್ಲೂ ಕಷ್ಟ. ‘ಇಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಇದ್ದವರಿಗೆ ಮಾತ್ರ ದಾರಿ.

ಇನ್ನೊಂದು, ಹೊರಗಡೆ ಹಾಕಿಸುವ ಫಾಗ್ ಲೈಟ್, ಜೋರು ಹಾರ್ನ್, ಮ್ಯೂಸಿಕ್ ಸಿಸ್ಟಮ್. ಕಪ್ಲರ್ ಬಳಸದೆ ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಮುಂದೆ ಎಲೆಕ್ಟ್ರಿಕಲ್ ತೊಂದರೆ ಏನೇ ಬಂದರೂ ಕಂಪನಿಯವರು ಮೊದಲು ತೋರಿಸುವುದು ಆ ಟೇಪನ್ನೇ. ಹೊರಗಿನ ಸಿಎನ್‌ಜಿ ಕಿಟ್ ಕೂಡ ಹಾಗೇ.

ಸರ್ವಿಸ್ ತಪ್ಪಿಸಿದರೂ ತೊಂದರೆ. "ಕಾರು ಓಡಿಯೇ ಇಲ್ಲ, ಬರೀ 3 ಸಾವಿರ ಆಗಿದೆ, ಸರ್ವಿಸ್ ಯಾಕೆ" ಎನ್ನುವವರಿದ್ದಾರೆ. ಸರ್ವಿಸ್‌ಗೂ ತಿಂಗಳು ಅಥವಾ ಕಿಲೋಮೀಟರ್, ಮೊದಲು ಬಂದದ್ದೇ ಲೆಕ್ಕ. ನಿಂತ ಕಾರಿನ ಆಯಿಲ್ ಕೂಡ ಹಳತಾಗುತ್ತದೆ. ಎಲ್ಲ ಕಂಪನಿಯ ಸರ್ವಿಸ್ ಸೆಂಟರ್ ಎಲ್ಲ ತಾಲ್ಲೂಕಿನಲ್ಲೂ ಇರಲ್ಲ. ಅರಸೀಕೆರೆ, ಅರಕಲಗೂಡಿನವರು ಅಂಗಡಿ ಬಾಗಿಲು ಹಾಕಿ ಒಂದು ದಿನ ಹಾಸನಕ್ಕೆ ಬರಬೇಕಾಗುತ್ತದೆ, ಅದು ನಿಜವಾದ ಕಷ್ಟವೇ. ಪಿಕಪ್-ಡ್ರಾಪ್ ಇದೆಯಾ, ಮೊಬೈಲ್ ಸರ್ವಿಸ್ ವ್ಯಾನ್ ತಾಲ್ಲೂಕಿಗೆ ಬರುತ್ತದಾ ಎಂದು ಕಾರು ಕೊಳ್ಳುವ ಮುಂಚೆಯೇ ಕೇಳಿ.

ಊರಿನ ಗ್ಯಾರೇಜ್‌ನಲ್ಲಿ ಕೈ ಹಾಕಿಸಿದರೆ ವಾರಂಟಿ ಪೂರ್ತಿ ಹೋಗುತ್ತದಾ? 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ ಹೊರಗೆ ಸಿಗದಂತೆ ಮಾಡಿದ್ದು, ಹೊರಗಿನ ಗ್ಯಾರೇಜ್‌ಗೆ ಹೋದರೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕಿದ್ದು ಆ ಪ್ರಕರಣದಲ್ಲಿ ಪ್ರಶ್ನೆಗೆ ಬಂದಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದೇಶ ಏನೇ ಇರಲಿ, ವ್ಯವಹಾರದಲ್ಲಿ ಜಾಣತನ ಬೇರೆ. ಪಂಚರ್, ವಾಷಿಂಗ್ ಎಲ್ಲಿ ಬೇಕಾದರೂ ಮಾಡಿಸಿ. ವಾರಂಟಿ ಇರುವಷ್ಟು ದಿನ ಇಂಜಿನ್, ಗೇರ್, ಎಲೆಕ್ಟ್ರಿಕಲ್ ಕೆಲಸಕ್ಕೆ ಕಂಪನಿ ಸರ್ವಿಸ್ ಸೆಂಟರ್ ಬಿಟ್ಟು ಹೋಗದಿರುವುದೇ ಕ್ಷೇಮ.

ದೀಪಗಳ ಭಾಷೆ

ಬಣ್ಣ ತಿಳಿದರೆ ಅರ್ಧ ತಿಳಿದಂತೆ. ಹಸಿರು, ನೀಲಿ ಬರೀ ಮಾಹಿತಿ: ಇಂಡಿಕೇಟರ್, ಹೈ ಬೀಮ್ ಇತ್ಯಾದಿ. ಹಳದಿ ಎಂದರೆ ತೋರಿಸಿಕೊಳ್ಳಿ, ಆದರೆ ಗಾಬರಿ ಬೇಡ. ಕೆಂಪು ಎಂದರೆ ಜಾಗ ನೋಡಿ ಪಕ್ಕಕ್ಕೆ ಹಾಕಿ.

ಕೀ ಆನ್ ಮಾಡಿದಾಗ ಇಂಜಿನ್ ಶುರುವಾಗುವ ಮೊದಲು ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಿ ಆರುತ್ತವೆ. ಅದು ಬಲ್ಬು ಸರಿ ಇದೆಯೇ ಎಂದು ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವುದು. ಆರದ ದೀಪ ಹೇಗೆ ತೊಂದರೆಯೋ, ಆಗ ಹತ್ತದೇ ಇರುವ ದೀಪವೂ ಹಾಗೇ ತೊಂದರೆ. ಡೆಲಿವರಿ ದಿನ ಪೂಜೆಗೆ ಮುಂಚೆ ಇದನ್ನೊಮ್ಮೆ ನೋಡಿದರೆ ಒಳ್ಳೆಯದು, ಏರ್‌ಬ್ಯಾಗ್ ದೀಪವನ್ನಂತೂ ತಪ್ಪದೆ.

ಎಣ್ಣೆ ಹನಿಯುವ ಗಿಂಡಿಯಂಥ ಕೆಂಪು ದೀಪ ಆಯಿಲ್ ಪ್ರೆಷರ್‌ನದು. ಎಲ್ಲಕ್ಕಿಂತ ಅಪಾಯ ಇದೇ. ಆಯಿಲ್ ಒತ್ತಡ ಇಲ್ಲದೆ ಕೆಲವೇ ನಿಮಿಷ ಓಡಿದರೂ ಇಂಜಿನ್ ಸೀಜ್ ಆಗಬಹುದು. ಕೂಡಲೇ ಆಫ್ ಮಾಡಿ, ಗಾಡಿ ಟೋ ಮಾಡಿಸಿ. ಹತ್ತಿರದ ಗ್ಯಾರೇಜ್‌ವರೆಗೆ ನಿಧಾನಕ್ಕೆ ಹೋಗ್ತೀನಿ ಅನ್ನೋದು ಬೇಡ. ಥರ್ಮಾಮೀಟರ್ ದೀಪ ಕೆಂಪಾದರೆ ಎಸಿ ಆಫ್ ಮಾಡಿ, ನಿಲ್ಲಿಸಿ, ಇಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿ ಆಕಾರದ ದೀಪ ಹತ್ತಿದರೆ ಬ್ಯಾಟರಿಯೇ ಹೋಯ್ತು ಅಂತಲ್ಲ, ಚಾರ್ಜ್ ಆಗುತ್ತಿಲ್ಲ ಎಂದರ್ಥ. ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕಾರಣ ಇರಬಹುದು. ವೃತ್ತದೊಳಗೆ ಆಶ್ಚರ್ಯಸೂಚಕ ಇರುವ ಕೆಂಪು ದೀಪ ಬ್ರೇಕಿನದು. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದೂ ದೀಪ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆ ಇರಬಹುದು, ಓಡಿಸಬೇಡಿ. ಎಬಿಎಸ್ ಎಂಬ ಹಳದಿ ದೀಪ ಮಾತ್ರ ಹತ್ತಿದ್ದರೆ ಸಾದಾ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಬಹುದು.

ಹೆಚ್ಚು ಜನ ಕೇಳುವುದು ಇಂಜಿನ್ ಆಕಾರದ ಹಳದಿ ದೀಪದ ಬಗ್ಗೆ. ಅದು ಸುಮ್ಮನೆ ಹತ್ತಿಕೊಂಡಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಬಹುದು. ಮಿಣುಕುತ್ತಿದ್ದರೆ ಇಂಜಿನ್ ಮಿಸ್ ಹೊಡೆಯುತ್ತಿರುವ ಸೂಚನೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಸುಟ್ಟುಹಾಕುತ್ತದೆ, ಆ ಭಾಗ ದುಬಾರಿ. ಊರಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಕೋಡ್ ಓದಿದರೆ ಅಡ್ಡಿಯಿಲ್ಲ, ಅಳಿಸಬೇಡ ಅನ್ನಿ. ಕೋಡ್ ಅಳಿಸಿದರೆ ವಾರಂಟಿ ಕೇಳಲು ಇದ್ದ ಸಾಕ್ಷಿಯೂ ಅದರ ಜೊತೆ ಹೋಯ್ತು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎರಡೆರಡು ಕಿ.ಮೀ. ಓಡುವ ಕಾರಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ದೀಪ ಹತ್ತಿದಾಗ ಹೈವೇಯಲ್ಲಿ 15-20 ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಸಾಮಾನ್ಯವಾಗಿ ಮಸಿ ಸುಟ್ಟು ಆರುತ್ತದೆ. ಎಷ್ಟು ವೇಗ ಎಂಬುದು ಆಯಾ ಕಾರಿನ ಪುಸ್ತಕದಲ್ಲಿದೆ. ಊರೊಳಗೇ ಓಡಾಡುವವರಿಗೆ ಡೀಸೆಲ್ ಕಾರು ಬೇಕಾ ಎಂಬ ಪ್ರಶ್ನೆಯನ್ನು ಕೊಳ್ಳುವಾಗಲೇ ಕೇಳಿಕೊಳ್ಳಬೇಕಿತ್ತು.

ಅಂದಹಾಗೆ 80 ದಾಟಿದಾಗ ಆಗಾಗ, 120 ದಾಟಿದರೆ ಬಿಡದೆ ಕೂಗುವ ಬೀಪ್ ದೋಷವಲ್ಲ. 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ವೇಗದ ಎಚ್ಚರಿಕೆ ಅದು. ಅದನ್ನು ನಿಲ್ಲಿಸಿಕೊಡಿ ಎಂದು ವೈರ್ ಕೀಳಿಸಿದವರು ಮತ್ತೆ ವೈರಿಂಗ್ ಜಗಳಕ್ಕೇ ಬರುತ್ತಾರೆ.

ಜಾಬ್ ಕಾರ್ಡ್ ಇಲ್ಲದ ದೂರು ದೂರೇ ಅಲ್ಲ

ದೀಪ ಹತ್ತಿದ ತಕ್ಷಣ ಗಾಡಿ ನಿಲ್ಲಿಸಿ, ಕಿಲೋಮೀಟರ್ ಕಾಣುವ ಹಾಗೆ ಮೀಟರ್‌ನ ಫೋಟೊ ತೆಗೆಯಿರಿ. ರೋಡ್‌ಸೈಡ್ ಅಸಿಸ್ಟೆನ್ಸ್ ನಂಬರ್‌ಗೆ ಕರೆ ಮಾಡಿದ್ದರೆ ಆ ಮೆಸೇಜ್ ಉಳಿಸಿ. ಪೆಟ್ರೋಲ್ ಹಾಕಿಸಿದ ಮರುದಿನವೇ ತೊಂದರೆ ಶುರುವಾದರೆ ಬಂಕಿನ ಬಿಲ್ ಬೇಕಾಗುತ್ತದೆ, ಏಕೆಂದರೆ ಕಲಬೆರಕೆ ಇಂಧನದಿಂದ ಆದ ಹಾನಿಯನ್ನು ವಾರಂಟಿ ಒಪ್ಪಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಅಡ್ವೈಸರ್ "ಆಯ್ತು ಸಾರ್, ನೋಡ್ತೀವಿ" ಎಂದರೆ ಸಾಲದು. ಗೇರ್ ಹಾಕುವಾಗ ಶಬ್ದ ಬರುತ್ತಿದೆ ಎಂಬ ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ವಾರಂಟಿ ಮುಗಿಯುವ ಮುಂಚೆ ಮೂರು ಸಲ ಹೇಳಿದ್ದೆ, ಮುಗಿದ ಮೇಲೆ ಗೇರ್ ಬಾಕ್ಸ್ ಹೋಯ್ತು ಎಂದು ವಾದಿಸಲು ಇರುವ ಆಧಾರ ಆ ಮೂರು ಕಾಗದ ಮಾತ್ರ. ವಾರಂಟಿ ಇಲ್ಲ ಎಂದರೆ ಯಾವ ಷರತ್ತಿನಡಿ ಇಲ್ಲ ಎಂದು ಬರವಣಿಗೆಯಲ್ಲಿ ಅಥವಾ ಇ-ಮೇಲ್‌ನಲ್ಲಿ ಕೇಳಿ. ಬರೆದು ಕೊಡಿ ಎಂದ ಮೇಲೆ ಎಷ್ಟೋ ಸಲ ಮಾತಿನ ಧಾಟಿಯೇ ಬದಲಾಗುತ್ತದೆ.

ಅಲ್ಲೂ ಆಗದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ನಂಬರ್ ಪಡೆಯಿರಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5ರಿಂದ 10 ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400 ರೂಪಾಯಿ. ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು.

ಅಂಗಡಿ, ವ್ಯಾಪಾರದವರು ಒಂದು ವಿಷಯ ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ, ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡಿದ್ದರೆ ಮಾತ್ರ ವಿನಾಯಿತಿ ಇದೆ. ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡಿದ್ದರೆ ಎದುರು ಪಕ್ಷದವರು ಮೊದಲು ಎತ್ತುವ ಆಕ್ಷೇಪ ಇದೇ ಆಗಿರುತ್ತದೆ. ಹಳದಿ ಬೋರ್ಡ್ ಹಾಕಿ ಬಾಡಿಗೆಗೆ ಬಿಡುವವರಿಗೆ ಕೆಲವು ಕಂಪನಿಗಳ ವಾರಂಟಿ ಷರತ್ತೂ ಬೇರೆ ಇರುತ್ತದೆ. ಬಿಲ್ ಯಾರ ಹೆಸರಿಗೆ ಮಾಡಿಸಬೇಕು ಎಂಬುದನ್ನು ಆಡಿಟರ್ ಹತ್ತಿರ ತೆರಿಗೆ ಲೆಕ್ಕ ಕೇಳುವಾಗ ಇದನ್ನೂ ಸೇರಿಸಿ ಕೇಳಿ, ಬುಕಿಂಗ್ ಅಡ್ವಾನ್ಸ್ ಕಟ್ಟುವ ಮುಂಚೆಯೇ.